ಅಣ್ಣ ಮುಚ್ಚಿದ ಚೇಂಬರು

“ಆಯಿಲ್ ಪ್ರೆಶರ್ ಬಿದ್ದೋಯ್ತು ಅಂತ ಬತ್ತೀರಲ್ಲ, ಮೊದ್ಲು ಮೀಟ್ರಿನ ಮುಳ್ಳನ್ನ ನಂಬಬ್ಯಾಡಿ. ಅದೂ ಮನುಷ್ಯ ಮಾಡಿದ್ದೇ. ಅದನ್ನ ಬಿಚ್ಚಿ ಪಕ್ಕಕ್ಕಿಡಿ, ಇನ್ನೊಂದು ಮೀಟ್ರು ಹಾಕಿ ನೋಡಿ. ಎರಡೂ ಒಂದೇ ಮಾತು ಹೇಳಿದ್ರೆ ಆಗ ಇಂಜಿನ್ ಕಡೆ ತಿರುಗಿ. ಎರಡ್ನೇದು, ಕಡ್ಡಿ ಎತ್ತಿ ಆಯಿಲ್ ನೋಡಿ. ಎಷ್ಟೈತೆ ಅಂತ ನೋಡಿದ್ರೆ ಸಾಲ್ದು, ಎರಡು ಬೆರಳಲ್ಲಿ ತಿಕ್ಕಿ, ಮೂಸಿ. ಪೆಟ್ರೋಲ್ ಇಳಿದಿದ್ರೆ ಆಯಿಲ್ ನೀರಾಗಿರ್ತೈತೆ, ಅದು ಎಲ್ಲಿಂದ ಪ್ರೆಶರ್ ಕೊಟ್ಟಾತು? ಮೂರ್ನೇದು, ಇಂಜಿನ್ ಪಕ್ಕದಾಗೆ ಒಂದು ದಪ್ಪ ನಟ್ಟು ಐತೆ. ಅದರೊಳಗೆ ಸ್ಪ್ರಿಂಗು, ಸ್ಪ್ರಿಂಗಿನ ಮುಂದೆ ವಾಲ್ವು. ಅದರ ಬಾಯಾಗೆ ಸಾಸಿವೆ ಕಾಳಷ್ಟು ಕಸ ಕೂತ್ರೆ ಸಾಕು, ಇರೋ ಪ್ರೆಶರೆಲ್ಲ ಸೋರಿ ಹೋಯ್ತದೆ. ನಾಲ್ಕನೇದು, ಇದನ್ನ ಕಿವಿಗೊಟ್ಟು ಕೇಳಿ, ಅವಸರ ಮಾಡ್ದೆ ಕೂತ್ಕಂಡು ನೋಡಿ. ತಣ್ಣಗಿದ್ದಾಗ ಎಷ್ಟು, ಕಾದಾಗ ಎಷ್ಟು. ಕಾದ ಮೇಲೆ ಬಿದ್ದು, ಬಿದ್ದಂಗೇ ಇದ್ರೆ ಬೇರಿಂಗ್ ಸವೆದೈತೆ, ಸರಿ. ಆದ್ರೆ ನಿಲ್ಲಿಸಿ ಹತ್ತು ನಿಮಿಷ ಬುಟ್ಟು ಮತ್ತೆ ಹಚ್ಚಿದಾಗ ಮುಳ್ಳು ಎದ್ದು ನಿಂತ್ರೆ, ಬೇರಿಂಗ್ ಮೇಲೆ ತಪ್ಪು ಹೊರಿಸ್ಬ್ಯಾಡಿ. ಕೆಳಗೆ ಏನೋ ಅಡ್ಡ ಬತ್ತಾ ಐತೆ. ಚೇಂಬರ್ ಬಿಚ್ಚಿ. ಯಾರೇ ಮುಚ್ಚಿರ್ಲಿ. ನಿಮ್ ಉಸ್ತಾದ್ ಮುಚ್ಚಿರ್ಲಿ, ನಿಮ್ಮಪ್ಪ ಮುಚ್ಚಿರ್ಲಿ, ಬಿಚ್ಚಿ ನೋಡಿ. ಮುಚ್ಚಿದೋನ ಮರ್ಯಾದೆ ನೋಡ್ಬ್ಯಾಡಿ, ಇಂಜಿನ್ ನೋಡಿ.”

ರಾಮನಗರದ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಗ್ಯಾರೇಜು ಇಟ್ಟಿದ್ದ ರಸೂಲ್ ಈ ಮಾತನ್ನು ಯಾರು ಕೇಳಿದರೂ ಹೇಳುತ್ತಿದ್ದ, ಕೇಳದಿದ್ದವರಿಗೂ ಹೇಳುತ್ತಿದ್ದ. ಚೇಂಬರು ಎಂದರೆ ಇಂಜಿನ್ನಿನ ಹೊಟ್ಟೆಯಡಿಗೆ ಬೋಲ್ಟು ಹಾಕಿ ಬಿಗಿದಿರುವ ತಗಡಿನ ತೊಟ್ಟಿ. ಆಯಿಲ್ ನಿಲ್ಲುವುದು ಅದರಲ್ಲಿ. ಆದರೆ ಆ ನಾಲ್ಕನೇ ಮಾತು ಅವನ ಬಾಯಿಗೆ ಬಂದದ್ದು ಐವತ್ತಾರು ವಯಸ್ಸಾದ ಮೇಲೆ. ಅದಕ್ಕೆ ಮುಂಚೆ ಅವನ ಪಾಠದಲ್ಲಿ ಮೂರೇ ಇದ್ದವು. ಮೂರೂ ನೋಡಿ ಆಯಿತೆಂದರೆ ನೇರವಾಗಿ ಬೇರಿಂಗಿನ ಮೇಲೆ ಕೈ ತೋರಿಸಿಬಿಡುತ್ತಿದ್ದ. ಆ ಒಂದು ಮಾತು ತಡವಾಗಿ ಬಂದದ್ದರಿಂದ ಅವನ ತಮ್ಮ ನಿಯಾಜ್ ಕಸುಬು ಬಿಟ್ಟ, ಹೆಸರು ಕೆಡಿಸಿಕೊಂಡ, ಕೆಟ್ಟ ಹೆಸರು ಹೊತ್ತುಕೊಂಡೇ ಮಣ್ಣಿಗೆ ಹೋದ. ಆ ಹೆಸರನ್ನು ತೊಳೆದು ತಮ್ಮನಿಗೆ ತಿರುಗಿ ಕೊಡಬೇಕೆಂದು ರಸೂಲ್ ಹೊರಟಾಗ ತಮ್ಮ ಹೋಗಿ ಮೂರು ವರ್ಷವಾಗಿತ್ತು.

ಅಪ್ಪ ಜಟಕಾ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವನು. ಜಟಕಾ ಕಡಿಮೆಯಾಗಿ ಬಾಡಿಗೆ ಕಾರು ಹೆಚ್ಚಾದ ಕಾಲಕ್ಕೆ ರಸೂಲ್ ಮೈಸೂರು ರಸ್ತೆಯ ಒಂದು ಲಾರಿ ಶೆಡ್ಡಿನಲ್ಲಿ ಕೆಲಸ ಕಲಿತ. ತಾಯಿ ತೀರಿಕೊಂಡಾಗ ನಿಯಾಜ್‌ಗೆ ಏಳು ವರ್ಷ. ಅವನನ್ನು ಉಣ್ಣಿಸಿ ತಲೆ ಬಾಚಿ ಬೆಳೆಸಿದವಳು ರಸೂಲ್‌ನ ಹೆಂಡತಿ ಕರೀಮುನ್ನೀಸಾ. ಆಗ ಅವಳಿಗೂ ಹದಿನೇಳೋ ಹದಿನೆಂಟೋ. ನಿಯಾಜ್ ಅವಳನ್ನು ಭಾಬಿ ಎಂದು ಕರೆದರೂ ಜ್ವರ ಬಂದಾಗ ಅಮ್ಮೀ ಎಂದೇ ನರಳುತ್ತಿದ್ದ.

ದೊಡ್ಡವನಾದ ಮೇಲೆ ನಿಯಾಜ್‌ನ ಕೈ ಅಣ್ಣನ ಕೈಯನ್ನು ಮೀರಿಸಿತು. ಇಂಜಿನ್ನಿನ ಬೇರಿಂಗುಗಳನ್ನು ಚೂರು ಚೂರೇ ಕೆರೆದು ಶಾಫ್ಟಿಗೆ ಕೂರಿಸುವುದು ಆ ಕಾಲದಲ್ಲಿ ದೊಡ್ಡ ಕೆಲಸ. ಜಾಸ್ತಿ ಕೆರೆದರೆ ಸಡಿಲ, ಕಡಿಮೆ ಕೆರೆದರೆ ಬಿಗಿ. ನಿಯಾಜ್ ನೀಲಿ ಬಣ್ಣ ಹಚ್ಚಿ, ಶಾಫ್ಟು ತಿರುಗಿಸಿ, ಬಣ್ಣ ಎಲ್ಲಿ ಅಂಟಿತೆಂದು ನೋಡಿ, ಅಷ್ಟೇ ಕೆರೆದು, ಮತ್ತೆ ಹಚ್ಚಿ ನೋಡುತ್ತಿದ್ದ. ಹೀಗೆ ಮೂರು ಸಲ. ರಸೂಲ್ ಬಾಯಿ ಬಿಟ್ಟು ಹೊಗಳುತ್ತಿರಲಿಲ್ಲ. ತಮ್ಮ ಕೆಲಸಕ್ಕೆ ಕೂತಾಗ ಅವನ ಪಕ್ಕಕ್ಕೆ ಚಹದ ಲೋಟವನ್ನು ತಾನೇ ತಂದಿಡುತ್ತಿದ್ದ, ಅಷ್ಟೇ.

ಆದರೆ ಚೇಂಬರು ಮುಚ್ಚುವುದು ಮಾತ್ರ ಅಣ್ಣನ ಕೆಲಸ. ಅದು ಆ ಗ್ಯಾರೇಜಿನ ಕಟ್ಟಳೆ. ಎಲ್ಲ ಜೋಡಿಸಿ ಮುಗಿದ ಮೇಲೆ ನಿಯಾಜ್ ಕೈ ತೊಳೆದು ದೂರ ನಿಲ್ಲುವನು. ರಸೂಲ್ ಇಂಜಿನ್ನಿನ ಒಳಮೈಯನ್ನೂ ಚೇಂಬರನ್ನೂ ಕೊನೆಯದಾಗಿ ಒಮ್ಮೆ ಒರೆಸಿ, ಬಿಸ್ಮಿಲ್ಲಾ ಎಂದು ಮುಚ್ಚುವನು. ಅವನು ಮುಚ್ಚಿದ್ದನ್ನು ತಿರುಗಿ ಬಿಚ್ಚುವ ಮಾತೇ ಇಲ್ಲ.

ಮೊದಲೆಲ್ಲ ಹಳೇ ಬಟ್ಟೆಯಲ್ಲಿ ಒರೆಸುತ್ತಿದ್ದ. ಎಪ್ಪತ್ತನೇ ಇಸವಿಯಲ್ಲಿ ಕರೀಮುನ್ನೀಸಾ ಮನೆಯ ಹಿಂದುಗಡೆ ರೇಷ್ಮೆ ನೂಲು ಬಿಚ್ಚುವ ಚರಕ ಹಾಕಿಕೊಂಡಳು. ಗೂಡು ಬೇಯಿಸಿ ಎಳೆ ತೆಗೆಯುವಾಗ ಮೇಲಿನ ಸಿಕ್ಕು ಸಿಕ್ಕಾದ ಎಳೆ ವೇಸ್ಟಾಗಿ ಉಳಿಯುತ್ತದಲ್ಲ, ಅದನ್ನು ತೊಳೆದು ಒಣಗಿಸಿದರೆ ಹಾಲಿನ ಕೆನೆಯಂತೆ ಬೆಳ್ಳಗಿರುತ್ತದೆ. ಒಂದು ದಿನ ಅವಳೇ ಒಂದು ಹಿಡಿ ತಂದು ಗಂಡನ ಕೈಗಿಟ್ಟಳು.

“ಆ ಕೊಳಕು ಬಟ್ಟೇಲಿ ಒರೆಸಿ ದೇವರ ಹೆಸರು ಹೇಳ್ತೀರಲ್ಲ, ಇದ್ರಲ್ಲಿ ಒರೆಸಿ.”

ರಸೂಲ್‌ಗೆ ಬಹಳ ಹಿಡಿಸಿತು. “ಬಟ್ಟೆ ಜುಂಗು ಬುಡುತ್ತೆ, ರೇಷ್ಮೆ ಬುಡಲ್ಲ” ಎಂದು ಬಂದವರಿಗೆಲ್ಲ ಹೇಳಿಕೊಂಡ. ಊರಲ್ಲಿ ಬೇರೆ ಯಾವ ಮೆಕ್ಯಾನಿಕ್ಕೂ ರೇಷ್ಮೆಯಲ್ಲಿ ಇಂಜಿನ್ ಒರೆಸುವವನಿಲ್ಲ ಎಂಬ ಒಂದಿಷ್ಟು ಜಂಬವೂ ಸೇರಿಕೊಂಡಿತು.

ಮರುವರ್ಷ ಬೀರಲಿಂಗಯ್ಯನ ಲ್ಯಾಂಡ್‌ಮಾಸ್ಟರ್ ಕಾರು ಬಂತು. ಬೀರಲಿಂಗಯ್ಯ ಮಾಗಡಿ ಕಡೆಯ ಕೆಂಪಾಪುರದವನು. ಕುರಿ ಮಂದೆ ಮಾರಿ ಹಳೇ ಕಾರು ತಂದು, ವೆಂಕಟಯ್ಯ ಎಂಬ ಡ್ರೈವರನ್ನಿಟ್ಟು ರಾಮನಗರದ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಬಿಟ್ಟಿದ್ದ. ಸ್ಟ್ಯಾಂಡಿನವರು ಅದನ್ನು ಕುರಿ ಕಾರು ಎಂದೇ ಕರೆಯುತ್ತಿದ್ದರು. ತಂಗಿಯ ಮದುವೆ ಗೊತ್ತಾಗಿತ್ತು. ಗಂಡು ಕನಕಪುರದಾಚೆಯ ಉಯ್ಯಂಬಳ್ಳಿಯವನು. ಅಷ್ಟು ದೂರದಿಂದ ಗಂಡನ್ನು ತನ್ನ ಕಾರಿನಲ್ಲೇ ಕರೆತರಬೇಕೆಂದು ಬೀರಲಿಂಗಯ್ಯನಿಗೆ ಆಸೆ. ಇಂಜಿನ್ ಪೂರ್ತಿ ಬಿಚ್ಚಿ ಹೊಸದು ಮಾಡಿಕೊಡಲು ಹೇಳಿದ. ನಿಯಾಜ್ ಆರು ದಿನ ಕೂತು ಬೇರಿಂಗು ಕೂರಿಸಿದ. ಅಣ್ಣ ಬಿಳಿ ರೇಷ್ಮೆಯಲ್ಲಿ ಒರೆಸಿ ಚೇಂಬರು ಮುಚ್ಚಿದ.

ಮಾರನೇ ದಿನ ಕಾರನ್ನು ಓಡಿಸಿ ನೋಡಿ ಬಂದ ನಿಯಾಜ್ ಅಣ್ಣನ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಹೇಳಿದ.

“ಭಾಯಿ, ಬೆಳಗ್ಗೆ ಹಚ್ಚಿದಾಗ ಮುಳ್ಳು ಐವತ್ತರ ಮೇಲೈತೆ. ಬಿಡದಿಗೆ ಹೋಗಿ ಬರೋದ್ರೊಳಗೆ ಹದಿನೈದಕ್ಕೆ ಬೀಳ್ತೈತೆ. ಒಂದು ಚಾ ಕುಡಿಯೋವಷ್ಟು ಹೊತ್ತು ನಿಲ್ಲಿಸಿ ಬುಟ್ರೆ ಮತ್ತೆ ಐವತ್ತು. ಬೇರಿಂಗ್ ಆದ್ರೆ ಹಿಂಗೆ ಆಟ ಆಡಲ್ಲ. ಒಂದ್ಸಲ ಚೇಂಬರ್ ಇಳಿಸಿ ನೋಡಣ.”

ರಸೂಲ್ ಸುತ್ತ ನೋಡಿದ. ನಾಲ್ಕೈದು ಡ್ರೈವರುಗಳು ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದರು.

“ನಾನು ನಿನ್ನೆ ಮುಚ್ಚಿದ್ದನ್ನ ಇವತ್ತು ಇಳಿಸ್ತೀಯಾ? ಇವ್ರೆಲ್ಲ ನೋಡ್ಕಂಡು ನಗಬೇಕಾ? ಹೊಸ ಇಂಜಿನ್ನು, ಒಸಿ ಓಡ್ಲಿ, ತಾನೇ ಸರಿ ಹೋಯ್ತದೆ.”

“ಒಂದೇ ಗಂಟೆ ಕೆಲ್ಸ ಭಾಯಿ.”

“ಹೇಳಿದ್ನಲ್ಲ.”

ನಿಯಾಜ್ ಕಾರಿನ ಬಾನೆಟ್ಟು ಇಳಿಸಿ ಮುಚ್ಚಿದ. ಅಣ್ಣ ಎರಡು ಸಲ ಬೇಡವೆಂದ ಮೇಲೆ ಮೂರನೇ ಸಲ ಕೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಮದುವೆಯ ಹಿಂದಿನ ದಿನ ವೆಂಕಟಯ್ಯ ಉಯ್ಯಂಬಳ್ಳಿಯಿಂದ ಗಂಡನ್ನು ಹತ್ತಿಸಿಕೊಂಡ. ಒಂದು ಕಾರಿನಲ್ಲಿ ಒಂಬತ್ತು ಜನ. ಕನಕಪುರ ದಾಟಿ, ರಾಮನಗರ ದಾಟಿ, ಮಾಗಡಿ ರಸ್ತೆಯ ಏರಿನಲ್ಲಿ ಇಂಜಿನ್ ಟಕಟಕ ಎಂದು ಬಡಿದುಕೊಂಡು, ಒಂದು ಸಲ ಕಿರುಚಿ, ಹಿಡಿದು ನಿಂತುಬಿಟ್ಟಿತು. ಮದುವೆ ಗಂಡು ಎಳನೀರು ತುಂಬಿದ ಲಾರಿಯ ಮೇಲೆ ಹತ್ತಿ, ಪೇಟ ಬಿಗಿಹಿಡಿದುಕೊಂಡು ಮಾವನ ಮನೆ ಸೇರಿದ. ಮದುವೆಯೇನೋ ನಿಲ್ಲಲಿಲ್ಲ. ಆದರೆ ಇಡೀ ಹೋಬಳಿ ನಕ್ಕಿತು. ಬೀರಲಿಂಗಯ್ಯ ಮದುವೆ ಮುಗಿಸಿ, ಕಾರನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದು ಗ್ಯಾರೇಜಿನ ಮುಂದೆ ಬಿಟ್ಟ.

ಸ್ಟ್ಯಾಂಡಿನವರೆಲ್ಲ ಸುತ್ತ ನೆರೆದರು. ರಸೂಲ್ ಚೇಂಬರು ಬಿಚ್ಚಿದ. ಬೇರಿಂಗುಗಳು ಕರಗಿ ಶಾಫ್ಟಿಗೆ ಮೆತ್ತಿಕೊಂಡಿದ್ದವು. ಅವನು ನೋಡಿದ್ದು ಅದನ್ನೇ. ಆಯಿಲ್ ಹೀರುವ ಕೊಳವೆಯ ತುದಿಯಲ್ಲಿ ಚಹಾ ಸೋಸುವಂಥ ಒಂದು ಜಾಲರಿ ಇರುತ್ತದೆ. ಅದರ ತುಂಬ ಕಪ್ಪು ಗಸಿ ಮೆತ್ತಿತ್ತು. ಗಸಿ ಯಾವ ಇಂಜಿನ್ನಿನಲ್ಲಿಲ್ಲ? ಎಲ್ಲ ಸಾಮಾನಿನ ಜೊತೆ ಅದನ್ನೂ ಸೀಮೆಎಣ್ಣೆಯ ಡಬ್ಬಕ್ಕೆ ಎಸೆದ. ಆಮೇಲೆ ಕರಗಿದ ಬೇರಿಂಗನ್ನು ಎತ್ತಿ ಹಿಡಿದು ಎಲ್ಲರ ಮುಂದೆ ತಮ್ಮನ ಕಡೆ ತಿರುಗಿದ.

“ಏನಿದು?”

“ಮೂರು ಸಲ ನೋಡಿದ್ದೆ ಭಾಯಿ” ಎಂದ ನಿಯಾಜ್.

“ಮೂರು ಸಲ ನೋಡಿದ್ನಂತೆ! ನಿನ್ ಕೈಗೆ ಅಂದಾಜು ಅನ್ನೋದೇ ಇಲ್ಲ. ಈ ಕೈ ಇಟ್ಕಂಡು ಇನ್ನೊಂದು ಇಂಜಿನ್ ಮುಟ್ಟಬ್ಯಾಡ, ಜನ ಸಾಯ್ತಾರೆ.”

ನಿಯಾಜ್ ತನ್ನ ಕೈಯನ್ನು ಒಮ್ಮೆ ನೋಡಿಕೊಂಡ. ಚೇಂಬರಿನ ಮಾತನ್ನು ಅವನು ಎತ್ತಲಿಲ್ಲ. ಅಷ್ಟು ಜನರ ಮುಂದೆ ಅಣ್ಣನನ್ನು ಹಿಡಿದು ಕೇಳುವುದು ಅವನಿಂದಾಗಲಿಲ್ಲ. ಮಾರನೇ ದಿನ ಗ್ಯಾರೇಜಿಗೆ ಬಂದು ಇದ್ದಬದ್ದ ಸ್ಪ್ಯಾನರುಗಳನ್ನೆಲ್ಲ ತೊಳೆದು, ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸಿಟ್ಟು, ಭಾಬಿಗೆ ಹೇಳಿ, ಹೆಂಡತಿ ಗುಲ್ಜಾರ್ ಬೀಯನ್ನು ಕರೆದುಕೊಂಡು ಅವಳ ತವರು ಚನ್ನಪಟ್ಟಣಕ್ಕೆ ಹೊರಟುಹೋದ. ಮಾವನವರದು ಮರದ ಗೊಂಬೆ ಮಾಡುವ ಮನೆ. ಅಲ್ಲಿ ಕಡೆಯುವ ಚಕ್ರದ ಮುಂದೆ ಕೂತ.

ಎರಡು ದಿನಕ್ಕೆ ತಿರುಗಿ ಬರುತ್ತಾನೆ ಎಂದುಕೊಂಡಿದ್ದ ರಸೂಲ್. ಎರಡು ದಿನ ಹದಿನಾರು ವರ್ಷವಾಯಿತು. ಜಗಳವೇನೂ ಇರಲಿಲ್ಲ. ಈದ್ ದಿನ ನಿಯಾಜ್ ಬಂದು ಅಣ್ಣನನ್ನು ಅಪ್ಪಿಕೊಳ್ಳುತ್ತಿದ್ದ, ಭಾಬಿಯ ಕೈಯ ಸೇಮಿಯಾ ಕುಡಿಯುತ್ತಿದ್ದ, ಗೊಂಬೆಗಳನ್ನು ತಂದು ಕೊಡುತ್ತಿದ್ದ. ಗ್ಯಾರೇಜಿನೊಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದ. ಬಾ ಎಂದು ಕರೆಯಲು ರಸೂಲ್‌ಗೂ ನಾಲಿಗೆ ಏಳುತ್ತಿರಲಿಲ್ಲ. ಎಂಬತ್ತೇಳರಲ್ಲಿ ನಿಯಾಜ್‌ಗೆ ಎದೆಯಲ್ಲಿ ಕಫ ಕಟ್ಟಿ, ಆಸ್ಪತ್ರೆಯಲ್ಲಿ ಹನ್ನೊಂದು ದಿನವಿದ್ದು ತೀರಿಕೊಂಡ. ನಲವತ್ತೊಂದು ವಯಸ್ಸು. ತಮ್ಮನ ಕಬರಿಗೆ ಅಣ್ಣ ಮೂರು ಹಿಡಿ ಮಣ್ಣು ಹಾಕಿ ಬಂದ.

ಇನ್ನು ಆ ಕಾರು. ಬೇರಿಂಗು ಹೋದ ಇಂಜಿನ್ನನ್ನು ರಸೂಲ್ ಒಬ್ಬನೇ ಕೂತು ಮತ್ತೆ ಕಟ್ಟಿದ್ದ. ಬೇರಿಂಗೂ ಅವನದೇ, ಚೇಂಬರೂ ಅವನದೇ, ಒರೆಸಿದ್ದೂ ಅದೇ ರೇಷ್ಮೆಯಲ್ಲೇ. ಈ ಸಲ ಕಾರು ಓಡಿತು. ಮುಳ್ಳು ಕೆಳಗಿರುತ್ತದೆ ಎಂದು ವೆಂಕಟಯ್ಯ ಆಗಾಗ ಗೊಣಗುತ್ತಿದ್ದ. ವಯಸ್ಸಾದ ಕಾರು ಎಂದು ರಸೂಲ್ ಸಮಾಧಾನ ಹೇಳುತ್ತಿದ್ದ. ಸ್ಟ್ಯಾಂಡಿಗೆ ಬೇರೆ ಬೇರೆ ಹೊಸ ಕಾರುಗಳು ಬಂದ ಮೇಲೆ ಬೀರಲಿಂಗಯ್ಯ ಅದನ್ನು ಕೆಂಪಾಪುರಕ್ಕೆ ತೆಗೆದುಕೊಂಡು ಹೋಗಿ, ಕುರಿ ಕೊಟ್ಟಿಗೆಯ ಪಕ್ಕ ಹೊದಿಕೆ ಹಾಕಿ ನಿಲ್ಲಿಸಿದ. ವೆಂಕಟಯ್ಯ ಸ್ಟ್ಯಾಂಡಿನ ಎದುರಿಗೇ ಚಹದಂಗಡಿ ಇಟ್ಟುಕೊಂಡ.

ತೊಂಬತ್ತನೇ ಇಸವಿಯ ಮಾಘದಲ್ಲಿ ಬೀರಲಿಂಗಯ್ಯ ಹೇಳಿಕಳಿಸಿದ. ರಸೂಲ್ ಚೀಲಕ್ಕೆ ಸಾಮಾನು ತುಂಬಿಕೊಂಡು ಮಾಗಡಿ ಬಸ್ಸು ಹತ್ತಿ ಹೋದ.

“ಬನ್ನಿ ಸಾಬ್ರೇ, ಬನ್ನಿ. ಮಗಳಿಗೆ ಗಂಡು ಸಿಕ್ಕವ್ನೆ, ಇನ್ನು ಈ ಕಾರಿಗೆ ಜೀವ ಸಿಗ್ಬೇಕು” ಎಂದ ಬೀರಲಿಂಗಯ್ಯ. “ಅತ್ತೆ ಮದ್ವೇಲಿ ಮರ್ಯಾದೆ ಕಳೀತು, ಸೊಸೆ ಮದ್ವೇಲಿ ಉಳಿಸ್ಲಿ. ಹಚ್ಚಿದ್ರೆ ಹತ್ತೈತೆ, ಆದ್ರೆ ಆಯಿಲ್ ಪ್ರೆಶರ್ ನಿಲ್ಲಾಕಿಲ್ಲ.”

“ಮರ್ಯಾದೆ ಹೋಗೋಕೆ ಕಾರು ಒಂದೇ ಬೇಕಾ ಬೀರಣ್ಣ? ನೀನು ಕುಣಿದ್ರೂ ಹೋಯ್ತದೆ” ಎಂದು ರಸೂಲ್ ನಕ್ಕು ಅಂಗಿ ಕಳಚಿದ.

ತನ್ನ ಮೀಟರು ಹಾಕಿ ನೋಡಿದ. ಎರಡೂ ಒಂದೇ ಹೇಳಿದವು. ಆಯಿಲ್ ಹೊಸದು, ದಪ್ಪಗಿತ್ತು, ಪೆಟ್ರೋಲಿನ ವಾಸನೆ ಇಲ್ಲ. ದಪ್ಪ ನಟ್ಟು ಬಿಚ್ಚಿ ವಾಲ್ವು ತೆಗೆದ. ಬಾಯಿ ಶುದ್ಧವಾಗಿತ್ತು, ಸ್ಪ್ರಿಂಗು ಕುಗ್ಗಿರಲಿಲ್ಲ. ಹಾಗಾದರೆ ಬೇರಿಂಗೇ ಎಂದುಕೊಂಡು, ಗಟ್ಟಿ ಮಾಡಿಕೊಳ್ಳಲು ಇಂಜಿನ್ ಹಚ್ಚಿದ. ಮುಳ್ಳು ನಲವತ್ತೈದಕ್ಕೆ ನಿಂತಿತು. ಕಾಲು ಗಂಟೆಯಲ್ಲಿ ಮೂವತ್ತು, ಇಪ್ಪತ್ತು, ಎಂಟು. ನಿಲ್ಲಿಸಿದ. ಬೀರಲಿಂಗಯ್ಯನ ಹೆಂಡತಿ ಭದ್ರಮ್ಮ ಮಜ್ಜಿಗೆ ತಂದುಕೊಟ್ಟಳು. ಕುಡಿದು, ಲೋಟ ಕೊಟ್ಟು, ಸುಮ್ಮನೆ ಇನ್ನೊಮ್ಮೆ ಹಚ್ಚಿದ.

ನಲವತ್ತೈದು.

ಬಿಸಿ ಇನ್ನೂ ಆರಿರಲಿಲ್ಲ. ಸವೆದ ಬೇರಿಂಗು ಹತ್ತು ನಿಮಿಷದಲ್ಲಿ ಹೊಸದಾಗುವುದಿಲ್ಲ. ಒಂದು ಚಾ ಕುಡಿಯೋವಷ್ಟು ಹೊತ್ತು ನಿಲ್ಲಿಸಿ ಬುಟ್ರೆ ಮತ್ತೆ ಐವತ್ತು ಭಾಯಿ. ತಮ್ಮನ ಆ ದನಿ ಅವನ ಕಿವಿಯಲ್ಲಿ ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ ಅವನು ತಲೆಯೆತ್ತಿ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಒಂದು ಕುರಿಮರಿ ನಿಂತಿತ್ತು.

ಆಯಿಲ್ ಇಳಿಸಿ, ಕಾರಿನಡಿಗೆ ತೂರಿ, ಒಂದೊಂದೇ ಬೋಲ್ಟು ಬಿಚ್ಚಿದ. ಜಾಲರಿಯ ಮೇಲೆ ಕಪ್ಪು ಗಸಿ ಕಂಬಳಿಯ ತುಂಡಿನ ಹಾಗೆ ಕೂತಿತ್ತು. ವರ್ಷಗಟ್ಟಲೆ ನಿಂತ ಕಾರು. ಗಸಿ ಒತ್ತಾಗಿ ಒಂದೇ ಪದರವಾಗಿತ್ತು. ಉಗುರಿನಲ್ಲಿ ಎತ್ತಿ ಎಳೆದ. ಗಸಿಯಾದರೆ ಪುಡಿಯಾಗಬೇಕು. ಇದು ಪುಡಿಯಾಗಲಿಲ್ಲ, ಎಳೆಎಳೆಯಾಗಿ ಉದ್ದಕ್ಕೆ ಬಂತು, ಎಳೆದರೂ ಹರಿಯಲಿಲ್ಲ. ಪೆಟ್ರೋಲಿನಲ್ಲಿ ಅದ್ದಿ ಬೆರಳಲ್ಲಿ ತಿಕ್ಕಿದ. ಕಪ್ಪು ಇಳಿದು ಬಿಳಿ ಕಂಡಿತು.

ಅವನು ಕಾರಿನಡಿಯಿಂದ ಹೊರಗೆ ಬಂದು, ಪೆಟ್ರೋಲು ಆರಿದ ಮೇಲೆ, ದೂರ ಹೋಗಿ ಬೆಂಕಿಕಡ್ಡಿ ಗೀರಿ ಒಂದು ಎಳೆಗೆ ಹಿಡಿದ. ರಾಮನಗರದಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹತ್ತಿಯಾದರೆ ಕಾಗದ ಸುಟ್ಟಂತೆ ಉರಿಯುತ್ತದೆ. ಇದು ಮುರುಟಿಕೊಂಡು ಕರಿ ಮಣಿಯಾಯಿತು. ತಲೆಗೂದಲು ಸುಟ್ಟ ವಾಸನೆ ಬಂತು.

ರೇಷ್ಮೆ.

ಈ ಇಂಜಿನ್ನಿನೊಳಕ್ಕೆ ಎಪ್ಪತ್ತೊಂದರಿಂದ ಈಚೆಗೆ ಅವನ ಕೈ ಬಿಟ್ಟು ಬೇರೆ ಕೈ ಹೋಗಿರಲಿಲ್ಲ. ಕಣ್ಣಿಗೆ ಕಾಣದ ಎಳೆ, ಎಣ್ಣೆ ಮೈಗೆ ಅಂಟಿಕೊಂಡು ಉಳಿದು, ಆಯಿಲ್ ಜೊತೆ ಸುತ್ತಿ ಸುತ್ತಿ ಜಾಲರಿಗೆ ಬಂದು ನೇಯ್ದುಕೊಂಡಿತ್ತು. ಓಡುವಾಗ ಜಾಲರಿಯ ಬಾಯಿಗೆ ಕಚ್ಚಿಕೊಳ್ಳುತ್ತಿತ್ತು, ನಿಂತಾಗ ಸಡಿಲವಾಗುತ್ತಿತ್ತು. ಅವತ್ತೂ ಇದೇ. ಅವತ್ತು ಇನ್ನೂ ಹೆಚ್ಚು ಒರೆಸಿದ್ದ. ಮದುವೆಯ ಕಾರು ಎಂದು ಎರಡು ಹಿಡಿ ತೆಗೆದುಕೊಂಡಿದ್ದು ನೆನಪಾಯಿತು. ಸೀಮೆಎಣ್ಣೆಯ ಡಬ್ಬಕ್ಕೆ ಎಸೆದ ಗಸಿಯೂ ನೆನಪಾಯಿತು. ನಿಯಾಜ್ ಕೂರಿಸಿದ ಬೇರಿಂಗು ಸರಿಯಾಗಿತ್ತು. ಮೂರು ಸಲ ನೋಡಿದ್ದ.

“ಏನ್ ಸಾಬ್ರೇ, ಬೀಡಿ ಇಲ್ಲದೆ ಬರೀ ಕಡ್ಡಿ ಗೀರ್ತಾ ಇದೀರಾ?” ಎಂದು ಬೀರಲಿಂಗಯ್ಯ ಹತ್ತಿರ ಬಂದ. ಮುಖ ನೋಡಿ, “ಯಾಕೆ, ಇಂಜಿನ್ ಹೋಯ್ತಾ?” ಎಂದ.

“ಇಲ್ಲ ಬೀರಣ್ಣ. ಇಂಜಿನ್ ಚೆನ್ನಾಗೈತೆ. ಕಣ್ಣಿಗೆ ಪೆಟ್ರೋಲ್ ತಾಗ್ತು.”

ಜಾಲರಿಯನ್ನು ಬ್ರಷ್ಷಿನಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು ಒಂದೊಂದು ಕಣ್ಣೂ ತೆರೆದಿದೆಯೇ ಎಂದು ನೋಡಿದ. ಒಳಮೈಯನ್ನು ಪೆಟ್ರೋಲಿನಲ್ಲಿ ತೊಳೆದ, ಯಾವುದರಿಂದಲೂ ಒರೆಸಲಿಲ್ಲ; ಹಾಗೇ ಗಾಳಿಗೆ ಆರಲು ಬಿಟ್ಟು ಒಂದು ಗಂಟೆ ಪಕ್ಕದಲ್ಲಿ ಕೂತ. ಹೊಸ ಪ್ಯಾಕಿಂಗು ಕತ್ತರಿಸಿ ಇಟ್ಟು ಚೇಂಬರು ಮುಚ್ಚಿ ಆಯಿಲ್ ತುಂಬಿದ. ಮುಳ್ಳು ಐವತ್ತೈದಕ್ಕೆ ಹೋಯಿತು, ಮುಕ್ಕಾಲು ಗಂಟೆ ಓಡಿದ ಮೇಲೂ ನಲವತ್ತೆಂಟಕ್ಕಿಂತ ಇಳಿಯಲಿಲ್ಲ. ಬೀರಲಿಂಗಯ್ಯ ಕುಣಿದೇಬಿಟ್ಟ. ಅಷ್ಟು ಒಳ್ಳೆಯ ಪ್ರೆಶರ್ ನೋಡಿ ಯಾವ ಮೆಕ್ಯಾನಿಕ್ಕೂ ಹಾಗೆ ಅತ್ತಿರಲಾರ.

ಮರುದಿನ ಆ ಎಳೆಯ ಉಂಡೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಚನ್ನಪಟ್ಟಣಕ್ಕೆ ಹೋದ. ಗುಲ್ಜಾರ್ ಬೀ ಜಗಲಿಯ ಮೇಲೆ ಕೂತು, ಬಣ್ಣ ಹಚ್ಚಿದ ಗಿಲಕಿಗಳನ್ನು ಒಣ ತಾಳೆಗರಿಯಿಂದ ಉಜ್ಜುತ್ತಿದ್ದಳು. ಮೈದುಂಬಿದ್ದ ಹೆಂಗಸು, ಮೂರು ವರ್ಷದಲ್ಲಿ ಸೊರಗಿದ್ದಳು.

“ಬನ್ನಿ ಭಾಯಿ. ಈದ್ ಇನ್ನೂ ದೂರ ಐತಲ್ಲ, ಏನು ದಾರಿ ತಪ್ಪಿ ಬಂದ್ರಿ?”

ರಸೂಲ್ ಕರ್ಚೀಫು ಬಿಚ್ಚಿಟ್ಟ. ಇದ್ದದ್ದನ್ನು ಇದ್ದಹಾಗೆ ಹೇಳಿದ. ನಿಯಾಜ್ ಚೇಂಬರು ಬಿಚ್ಚೋಣವೆಂದು ಕೇಳಿದ್ದನ್ನು, ತಾನು ಬೇಡವೆಂದದ್ದನ್ನು, ಎಲ್ಲವನ್ನೂ. ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. ಹೇಳಿ ಮುಗಿದ ಮೇಲೂ ಒಂದು ಗಿಲಕಿ ಪೂರ್ತಿ ಹೊಳಪು ಬರುವವರೆಗೆ ಉಜ್ಜಿ ಬುಟ್ಟಿಗೆ ಹಾಕಿದಳು.

“ಚಕ್ರದ ಬೆಲ್ಟು ಕಿತ್ತೋದ್ರೆ ಪಕ್ಕದ ಮನೆ ಶುಕೂರನ್ನ ಕರೀತಿದ್ರು” ಎಂದಳು. “ಹೊಲಿಗೆ ಮಿಷಿನ್‌ಗೆ ಎಣ್ಣೆ ಬಿಡಿ ಅಂದ್ರೂ ‘ನನ್ ಕೈ ಬ್ಯಾಡ, ಕೆಟ್ಟೋಯ್ತದೆ’ ಅನ್ನೋರು. ನಾನು ತಮಾಷೆ ಅಂದ್ಕೊಂಡು ನಗ್ತಿದ್ದೆ. ಆಸ್ಪತ್ರೇಲಿ, ಹೋಗೋಕೆ ಎರಡು ದಿನ ಮುಂಚೆ, ನನ್ನ ಹಿಡ್ಕೊಂಡು ‘ಮೂರು ಸಲ ನೋಡಿದ್ದೆ ಅಲ್ವಾ’ ಅಂತ ಕೇಳಿದ್ರು. ಏನು ಅಂತಾನೇ ನನಗೆ ಗೊತ್ತಾಗ್ಲಿಲ್ಲ. ಜ್ವರಕ್ಕೆ ಏನೋ ಮಾತಾಡ್ತಾರೆ ಅಂತ ‘ಹೂಂ, ಮಲಗಿ’ ಅಂದೆ. ಇವತ್ತು ಗೊತ್ತಾಯ್ತು.”

ರಸೂಲ್ ತಲೆಗೆ ಕೈ ಹಚ್ಚಿ ಕೂತ. “ನನ್ನನ್ನ ಏನಾದ್ರೂ ಅನ್ನು ತಂಗಿ. ಬಯ್ಯಿ.”

“ನಿಮ್ಮನ್ನ ಬಯ್ದು ನನಗೇನು ಬತ್ತೈತೆ? ನಾನು ಯಾವತ್ತು ಅವರ ತಪ್ಪು ಅಂದಿದ್ದೆ, ನನಗೆ ಬಂದು ಹೇಳೋಕೆ? ಎಲ್ಲಿ ನಿಂತ್ಕಂಡು ಅವರ ಕೈ ಕೆಟ್ಟದ್ದು ಅಂದ್ರೋ ಅಲ್ಲಿ ಹೋಗಿ ಹೇಳಿ. ಯಾರು ಕೇಳಿಸ್ಕೊಂಡ್ರೋ ಅವರಿಗೆ ಹೇಳಿ.”

“ಹೇಳ್ತೀನಿ. ಇವತ್ತೇ ಹೇಳ್ತೀನಿ.”

ಅವನು ಎದ್ದು ಮೆಟ್ಟಿಲಿಳಿದಾಗ ಅವಳು ಹಿಂದಿನಿಂದ ಕರೆದಳು. ಕರ್ಚೀಫಿನ ಮೇಲಿದ್ದ ಉಂಡೆ ಅವಳ ಅಂಗೈಯಲ್ಲಿತ್ತು.

“ಇದು ಭಾಬಿ ಕೊಟ್ಟ ರೇಷ್ಮೆ ಅಲ್ವಾ?”

ರಸೂಲ್ ಹೌದೆಂದು ತಲೆಯಾಡಿಸಿದ.

“ಭಾಬಿಗೆ ಮಾತ್ರ ಹೇಳ್ಬ್ಯಾಡಿ. ಹೆತ್ತ ಮಗನ ಹಾಗೆ ಸಾಕಿದ್ರು. ತಪ್ಪನ್ನ ಒಬ್ರು ಹೊತ್ಕೊಂಡು ಹೋಗಿದ್ದು ಸಾಕು.” ಉಂಡೆಯನ್ನು ಜಗಲಿಯ ಮೂಲೆಯಲ್ಲಿ ಅರಗು ಕರಗಿಸುವ ಕೆಂಡದೊಳಕ್ಕೆ ಹಾಕಿದಳು.

ಸಂಜೆ ನಾಲ್ಕಕ್ಕೆ ರಸೂಲ್ ರಾಮನಗರದಲ್ಲಿ ಇಳಿದ. ಅವತ್ತು ಗ್ಯಾರೇಜಿನ ಮುಂದೆ ನೆರೆದಿದ್ದ ಸ್ಟ್ಯಾಂಡಿನ ಡ್ರೈವರುಗಳಲ್ಲಿ ಇಬ್ಬರು ಸತ್ತಿದ್ದರು, ಒಬ್ಬ ಊರು ಬಿಟ್ಟಿದ್ದ. ಉಳಿದವನು ಆ ದಿನ ಕಾರು ಓಡಿಸಿದ್ದ ವೆಂಕಟಯ್ಯನೇ. ಅವನ ಚಹದಂಗಡಿಯಲ್ಲಿ ಐದಾರು ಜನ ಡ್ರೈವರುಗಳು ಕೂತಿದ್ದರು, ಎಲ್ಲ ಈಚಿನವರು. ರಸೂಲ್ ಕೂರಲಿಲ್ಲ. ನಿಂತುಕೊಂಡೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ವೆಂಕಟಯ್ಯ, ಬೀರಣ್ಣನ ತಂಗಿ ಮದ್ವೆ ದಿನ ಇಂಜಿನ್ ಹಿಡ್ಕಂತಲ್ಲ, ಅದು ನಿಯಾಜ್‌ದು ತಪ್ಪಲ್ಲ. ಬೇರಿಂಗ್ ಸರಿಯಾಗೇ ಇತ್ತು. ನಾನು ಒರೆಸಿದ್ದು ಸರಿಯಾಗಿರ್ಲಿಲ್ಲ. ಜಾಲರಿ ಕಟ್ಕಂಡಿತ್ತು. ತಪ್ಪು ನಂದು.”

ವೆಂಕಟಯ್ಯ ಹಾಲಿನ ಸೌಟು ಹಿಡಿದುಕೊಂಡು ನೋಡಿದ. “ಯಾವ ನಿಯಾಜು? ಆ ಟೈಲರ್ ನಿಯಾಜಾ?”

“ನನ್ ತಮ್ಮ ಕಣಯ್ಯ. ನಿಯಾಜ್. ನಿಮ್ಮೆಲ್ಲರ ಮುಂದೆ ಬೈದ್ನಲ್ಲ ನಾನು, ನಿನ್ ಕೈಗೆ ಅಂದಾಜಿಲ್ಲ ಅಂತ.”

“ಬೈದಿದ್ದಾ? ಇರ್ಬೋದಪ್ಪ. ಗ್ಯಾರೇಜ್ ಅಂದ್ಮೇಲೆ ದಿನಾ ಬೈಗುಳವೇ.” ವೆಂಕಟಯ್ಯನಿಗೆ ಇನ್ನೇನೋ ಹೊಳೆದು ಮುಖ ಅರಳಿತು. ಕೂತಿದ್ದವರ ಕಡೆ ತಿರುಗಿದ. “ಆ ಮದ್ವೆ ಗೊತ್ತೇನ್ರಲಾ? ಗಂಡು ಎಳನೀರು ಲಾರಿ ಮೇಲೆ ಹೋದ! ಒಂದು ಕೈಲಿ ಪೇಟ, ಇನ್ನೊಂದು ಕೈಲಿ ಎಳನೀರು ಗೊನೆ...” ಎಲ್ಲರೂ ನಗತೊಡಗಿದರು. ನಗು ನಿಂತ ಮೇಲೆ ವೆಂಕಟಯ್ಯ ಲೋಟಕ್ಕೆ ಚಹ ಬಗ್ಗಿಸಿ ರಸೂಲ್‌ನ ಮುಂದಿಟ್ಟ.

“ಆ ಇಂಜಿನ್ ಕಟ್ಟಿದ್ದು ನೀನೇ ಅಲ್ವಾ ರಸೂಲಣ್ಣ? ನಾನು ಅವತ್ತಿಂದ ನಿನ್ನೇ ಬೈಕಂಡಿದ್ದು ಕಣಪ್ಪ. ಅಲ್ಲ, ಅದಕ್ಯಾಕೆ ಈಗ ಮುಖ ಹಿಂಗೆ ಮಾಡ್ಕಂಡಿದೀಯ? ಹಳೇದು, ಬುಡು ಅತ್ಲಾಗೆ. ಚಾ ಕುಡಿ.”

ರಸೂಲ್ ಮತ್ತೊಮ್ಮೆ ಹೇಳಿದ. ತಮ್ಮನ ಹೆಸರು ಹಿಡಿದು, ತಪ್ಪು ತನ್ನದೆಂದು, ಮೊದಲಿಗಿಂತ ಗಟ್ಟಿಯಾಗಿ. ಹೊಸ ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ “ಆಯ್ತು ಬುಡಿ ಸಾಬ್ರೇ” ಎಂದು ಸಮಾಧಾನಕ್ಕೆ ಹೇಳಿದ. ಆ ಮಾತನ್ನು ಇಡೀ ಊರಿನಲ್ಲಿ ನೆನಪಿಟ್ಟುಕೊಂಡಿದ್ದವನು ಒಬ್ಬನೇ. ಅವನೂ ಈಗ ಚನ್ನಪಟ್ಟಣದ ಕಬರಸ್ತಾನದಲ್ಲಿದ್ದ. ತೊಳೆದುಕೊಡಲು ಹೆಸರಿನ ಮೇಲೆ ಬೇರೆಯವರಿಟ್ಟ ಕಲೆಯೇ ಇರಲಿಲ್ಲ.

ಚಹ ಆರಿಹೋಯಿತು. ರಸೂಲ್ ಮನೆಗೆ ಬಂದ.

ಕರೀಮುನ್ನೀಸಾ ಬಾಗಿಲಲ್ಲೇ ಕೂತಿದ್ದಳು. “ಎಲ್ಲಿ ಹೋಗಿದ್ರಿ ಬೆಳಗ್ಗಿಂದ? ಮುಖ ಯಾಕೆ ಇಷ್ಟಾಗಿದೆ?”

“ಗುಲ್ಜಾರ್‌ನ ನೋಡ್ಕಂಡು ಬಂದೆ.”

“ಚೆನ್ನಾಗಿದ್ದಾಳಾ? ನಿಯಾಜ್ ಇದ್ದಿದ್ರೆ...” ಎಂದು ಅವಳು ಅರ್ಧಕ್ಕೆ ನಿಲ್ಲಿಸಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. ರೇಷ್ಮೆಯ ಮಾತು ಅವನ ಬಾಯಿಯವರೆಗೆ ಬಂತು. ನುಂಗಿಕೊಂಡ.

“ಚೆನ್ನಾಗಿದ್ದಾಳೆ. ನಿನ್ನ ಕೇಳಿದ್ಲು.”

ಅಷ್ಟರಲ್ಲಿ ಬೀದಿಯಲ್ಲಿ ನಲ್ಲಿ ಬಂತು ನಲ್ಲಿ ಎಂದು ಯಾರೋ ಕೂಗಿದರು. ಎರಡು ದಿನಕ್ಕೊಮ್ಮೆ ಬರುವ ನೀರು. ಕರೀಮುನ್ನೀಸಾ ಮೊಣಕಾಲು ಹಿಡಿದುಕೊಂಡು ಏಳಲು ಹೋದಳು. ರಸೂಲ್ ಅವಳನ್ನು ಕೂರಿಸಿ, ಒಳಗಿನಿಂದ ಎರಡು ಬಿಂದಿಗೆ ತಂದ. ಹಳೇ ನೀರನ್ನು ಕುಂಬಳದ ಬಳ್ಳಿಯ ಬುಡಕ್ಕೆ ಚೆಲ್ಲಿ, ಒಳಗೆ ಕೈ ಹಾಕಿ ಬೂದಿಯಲ್ಲಿ ತಿಕ್ಕಿ ತೊಳೆದು, ನಲ್ಲಿಯ ಮುಂದಿನ ಸಾಲಿನಲ್ಲಿ ಇಟ್ಟ. ಮುಂದೆ ಏಳು ಬಿಂದಿಗೆ ಇದ್ದವು. ಅವು ಒಂದೊಂದಾಗಿ ತುಂಬಿ ಹೋದಂತೆ ತನ್ನ ಎರಡನ್ನೂ ಕಾಲಿನಿಂದ ಮುಂದಕ್ಕೆ ತಳ್ಳುತ್ತ ನಿಂತ. ಸರದಿ ಬಂದಾಗ ಬಾಗಿ ಬಿಂದಿಗೆಯ ಬಾಯನ್ನು ನಲ್ಲಿಗೆ ಹಿಡಿದ. ನೀರು ಸಣ್ಣಗೆ ಬೀಳುತ್ತಿತ್ತು.